ಉಸಿರಿನೊಡನೆ ಒಳಸೇರುವ ಬೂಷ್ಟು

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ರಸ್ತೆಯ ಮೇಲೆಲ್ಲ ಟ್ರ್ಯಾಕ್ಟರುಗಳ ಸಾಲು. ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಗುಡ್ಡದಂತೆ ಬೀಳುತ್ತದೆ. ಬಾಯ್ಲರ್ ಉರಿಯುವುದು ಅದರಿಂದಲೇ. ಹಸಿ ಸಿಪ್ಪೆಯಿಂದ ಈ ಅಪಾಯವಿಲ್ಲ. ಆದರೆ ತೇವ ಆರದೆ ತಿಂಗಳುಗಟ್ಟಲೆ ಒಟ್ಟಿಟ್ಟ ರಾಶಿಯ ಒಡಲು ಬಿಸಿಯೇರುತ್ತದೆ. ಆ ಕಾವನ್ನೇ ಬಯಸುವ ಸೂಕ್ಷ್ಮಜೀವಿಗಳು ಅಲ್ಲಿ ಮನೆಮಾಡುತ್ತವೆ. ನೋಡಲು ಬೂಷ್ಟಿನಂತಿದ್ದರೂ ಇವುಗಳಲ್ಲಿ ಮುಖ್ಯವಾದವು ಬ್ಯಾಕ್ಟೀರಿಯಾ ಜಾತಿಗೆ ಸೇರಿದವು. ಒಣಗಿದ ರಾಶಿಯನ್ನು ಕೆದಕಿದಾಗ ಏಳುವ ಧೂಳಿನಲ್ಲಿ ಅವುಗಳ ಬೀಜಕಣಗಳಿರುತ್ತವೆ. ಗಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಮೂಗಿಗೆ ಸುತ್ತಿದ ಟವೆಲ್ ಇವನ್ನು ತಡೆಯಲಾರದು.

ಈ ಧೂಳಿನಿಂದ ಬರುವ ಕಾಯಿಲೆಗೆ ‘ಬಗಾಸೋಸಿಸ್’ ಎಂದು ಹೆಸರು. ಅಮೆರಿಕದ ಲೂಸಿಯಾನಾದ ವೈದ್ಯರು 1941ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಇದರ ಮೋಸ ಇರುವುದು ಸಮಯದಲ್ಲಿ. ರಾಶಿಯ ಬಳಿ ಇರುವಾಗ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ತಾಸು ಕಳೆದು, ಮನೆಗೆ ಬಂದು ಊಟಕ್ಕೆ ಕುಳಿತಾಗ ಚಳಿಜ್ವರ, ಒಣಕೆಮ್ಮು, ಏದುಸಿರು. ಒಂದೆರಡು ದಿನ ಮನೆಯಲ್ಲಿದ್ದರೆ ತಾನಾಗಿ ಇಳಿಯುತ್ತದೆ. ನೆಗಡಿಯೆಂದು ಗುಳಿಗೆ ನುಂಗಿದವನು ಮತ್ತೆ ಅದೇ ರಾಶಿಗೆ ಹೋಗುತ್ತಾನೆ. ಒದ್ದೆ ಮೇವಿನ ಬಣವೆ ಕೀಳುವ ರೈತನಿಗೂ ಇಂಥದೇ ಕಾಯಿಲೆ ಬರಬಹುದು.

ಹೀಗೆ ವರ್ಷಗಟ್ಟಲೆ ನಡೆದರೆ ಪೆಟ್ಟು ಬೀಳುವುದು ಗಾಳಿಚೀಲಗಳ ಗೋಡೆಗೆ. ನಮ್ಮ ಎರಡೂ ಶ್ವಾಸಕೋಶಗಳಲ್ಲಿ ಇಂಥ ಚೀಲಗಳು ಸುಮಾರು 30 ಕೋಟಿಗೂ ಮಿಕ್ಕಿವೆ. ಅವುಗಳ ತೆಳು ಗೋಡೆಯನ್ನು ದಾಟಿಯೇ ಆಮ್ಲಜನಕ ರಕ್ತಕ್ಕೆ ಸೇರಬೇಕು. ಗೋಡೆ ಮೊದಲು ಊದಿಕೊಳ್ಳುತ್ತದೆ. ಆ ಹಂತದಲ್ಲಿ ಧೂಳಿನಿಂದ ದೂರವಾದರೆ ಬಹುಮಟ್ಟಿಗೆ ಮೊದಲಿನಂತಾಗಬಹುದು. ತಡವಾದರೆ ಗಾಯದ ಕಲೆಯಂತೆ ಗಡುಸಾಗುತ್ತದೆ. ಗಡುಸಾದ ಭಾಗವನ್ನು ಮೆತ್ತಗೆ ಮಾಡುವ ಔಷಧ ಇನ್ನೂ ಇಲ್ಲ. ಇರುವ ಮಾತ್ರೆಗಳು ಅದರ ಓಟವನ್ನು ನಿಧಾನಗೊಳಿಸುತ್ತವೆ, ಅಷ್ಟೆ. ಇಂಥ ಅನೇಕ ಕಾಯಿಲೆಗಳನ್ನು ಒಟ್ಟಾಗಿ ವೈದ್ಯರು ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್ ಎನ್ನುತ್ತಾರೆ. ಎಕ್ಸ್-ರೇಯಲ್ಲಿ ಕ್ಷಯದಂತೆ ಕಂಡು, ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದ ರೋಗಿಗಳೂ ಉಂಟು.

ರಬಕವಿ-ಬನಹಟ್ಟಿಯ ನೇಕಾರರ ಮಾತು ಸ್ವಲ್ಪ ಬೇರೆ. ಹತ್ತಿಯ ಧೂಳಿನಿಂದ ಬರುವ ‘ಬಿಸಿನೋಸಿಸ್’ ಮುಖ್ಯವಾಗಿ ಶ್ವಾಸನಾಳಗಳ ರೋಗ, ಗಾಳಿಚೀಲದ ಗೋಡೆಯದಲ್ಲ. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಅದು ಹತ್ತಿ ಬಿಡಿಸುವ, ನೂಲುವ ಗಿರಣಿಗಳಲ್ಲಿ ಹೆಚ್ಚು, ಮಗ್ಗದ ಬಳಿ ಕಡಿಮೆ. ಆದರೆ ಗಂಜಿ ಹಾಕಿ ಬೂಷ್ಟು ಹಿಡಿದ ನೂಲು ನೇಕಾರರಿಗೆ ಕೆಮ್ಮು ತಂದದ್ದುಂಟು. ಇಂಗ್ಲೆಂಡಿನಲ್ಲಿ ಗಂಜಿಗೆ ಬೆರೆಸಿದ ಹುಣಸೆ ಬೀಜದ ಪುಡಿಯೇ ಕೆಮ್ಮಿಗೆ ಕಾರಣವೆಂದು 1957ರಲ್ಲಿ ವರದಿಯಾಗಿತ್ತು!

ಹಾಗೆಂದು ಮನೆಯಲ್ಲೇ ಇರುವವರಿಗೆ ಅಭಯವೇನಿಲ್ಲ. 2012ರಿಂದ 2015ರವರೆಗೆ ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ಇಂಥ 1084 ರೋಗಿಗಳನ್ನು ಅಧ್ಯಯನ ಮಾಡಲಾಯಿತು. ಅವರಲ್ಲಿ ನೂರಕ್ಕೆ 47 ಮಂದಿಗೆ ಇದ್ದದ್ದು ಬಗಾಸೋಸಿಸ್‌ನ ಜಾತಿಯದೇ, ಅಂದರೆ ಉಸಿರಾಡಿದ ವಸ್ತು ಒಗ್ಗದೆ ಬರುವ ಕಾಯಿಲೆ. ಆ 47ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರು ಏರ್ ಕೂಲರ್ ಗಾಳಿಗೆ ಒಡ್ಡಿಕೊಂಡವರು. ಕೂಲರೇ ಕಾರಣವೆಂದು ಇದರಿಂದ ಸಾಬೀತಾಗದು. ಆದರೂ ನಿಂತ ನೀರು, ಕೊಳೆತ ಹುಲ್ಲಿನ ಪ್ಯಾಡು ಬೂಷ್ಟಿಗೆ ಹಬ್ಬ. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಓದಲು ಕೂಡುವುದೂ ಅದರ ಮುಂದೆಯೇ. ನೀರನ್ನು ಆಗಾಗ ಚೆಲ್ಲಿ ತೊಟ್ಟಿ ಉಜ್ಜುವುದು, ವರ್ಷಕ್ಕೊಮ್ಮೆ ಪ್ಯಾಡು ಬದಲಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಪಾರಿವಾಳ ಸಾಕಿದ ಮನೆಗಳಲ್ಲಿ ಹಿಕ್ಕೆ, ಪುಕ್ಕಗಳ ಧೂಳೂ ಇದೇ ಸಾಲಿಗೆ ಸೇರುತ್ತದೆ.

ರೋಗಿಗೆ ‘ನಿನ್ನ ಕಸುಬು ಯಾವುದು?’ ಎಂದು ತಪ್ಪದೆ ಕೇಳಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜಿನಿ 1700ರಲ್ಲೇ ಬರೆದಿದ್ದ. ಗದ್ದಲದ ಹೊರರೋಗಿ ವಿಭಾಗದಲ್ಲಿ ಆ ಪ್ರಶ್ನೆ ಇಂದಿಗೂ ತಪ್ಪಿಹೋಗುತ್ತದೆ. ಮನೆಯ ಹಿರಿಯರು ವಾರಗಟ್ಟಲೆ ಒಣಕೆಮ್ಮುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿದ್ದರೆ ಕಾಲೇಜು ಓದುವ ಮೊಮ್ಮಗ ‘ಮುತ್ಯಾ, ನೀ ಎಲ್ಲೆಲ್ಲಿ ದುಡದಿ?’ ಎಂದು ಕೇಳಿ ಬರೆದುಕೊಳ್ಳಬಹುದು. ಗಾಣ, ಗಿರಣಿ, ಬಣವೆ, ಕಲ್ಲು ಒಡೆಯುವ ಕ್ರಷರ್. ಯಾವ ವರ್ಷ, ಎಷ್ಟು ದಿನ. ರಜೆಯಲ್ಲಿ ಕೆಮ್ಮು ಇಳಿಯುತ್ತಿತ್ತೇ. ಮನೆಯಲ್ಲಿ ಕೂಲರ್ ಇದೆಯೇ. ಎಕ್ಸ್-ರೇ ಜೊತೆ ಆ ಚೀಟಿಯೂ ವೈದ್ಯರ ಮೇಜಿನ ಮೇಲೆ ಬರಲಿ.