ಹೊಸ ಹಾಡು ಒಂದೂ ಇಲ್ಲ, ಆದರೂ 21 ವಾರ ನಂಬರ್ ಒನ್!

ಒಂದು ಲೆಕ್ಕ ಹೇಳ್ತೀನಿ, ಕೇಳಿ. ನಾಲ್ಕು ಹಾಡು. ಎಲ್ಲ ಸೇರಿದರೆ ಎಂಟು ನಿಮಿಷ ಚಿಲ್ಲರೆ. ನಾಲ್ಕರಲ್ಲಿ ಒಂದೂ ಹೊಸದಲ್ಲ, ಅಷ್ಟೂ ಕೆಲವೇ ತಿಂಗಳ ಹಿಂದೆ ಬಂದ ಆಲ್ಬಮ್‌ನಿಂದ ಎತ್ತಿದ್ದು. ಇಂಥ ಪ್ಲೇಟನ್ನು ಯಾರಾದ್ರೂ ದುಡ್ಡು ಕೊಟ್ಟು ಕೊಳ್ತಾರಾ?

ಕೊಂಡರು! 1963ರ ಜುಲೈ 12ರಂದು ಬ್ರಿಟನ್‌ನಲ್ಲಿ ಬೀಟಲ್ಸ್ ತಂಡದ 'ಟ್ವಿಸ್ಟ್ ಅಂಡ್ ಶೌಟ್' ಇಪಿ ಬಂತು. ಅಲ್ಲಿನ ಇಪಿ ಪಟ್ಟಿಯಲ್ಲಿ 21 ವಾರ ಮೊದಲ ಸ್ಥಾನ.

ಇಪಿ ಅಂದ್ರೆ ಎಕ್ಸ್‌ಟೆಂಡೆಡ್ ಪ್ಲೇ. ಗಾತ್ರ ಸಿಂಗಲ್‌ನಷ್ಟೇ, 7 ಇಂಚು. ನಿಮಿಷಕ್ಕೆ 45 ಸುತ್ತು. ಸಿಂಗಲ್‌ನಲ್ಲಿ ಪಕ್ಕಕ್ಕೊಂದು ಹಾಡು, ಇಲ್ಲಿ ಎರಡು. ಹೇಗೆ? ಮುಳ್ಳು ಓಡುವ ಗೆರೆಗಳನ್ನು ಒತ್ತೊತ್ತಾಗಿ ಕೊರೆದರೆ ಜಾಗ ಸಿಗುತ್ತೆ, ಬದಲಿಗೆ ಸದ್ದಿನ ಜೋರು ಸ್ವಲ್ಪ ಇಳಿಸಬೇಕು. ಅಷ್ಟೇ ಎಂಜಿನಿಯರಿಂಗ್.

ಇನ್ನುಳಿದದ್ದು ಜೇಬಿನ ಗಣಿತ. ಹನ್ನೆರಡು ಇಂಚಿನ ಎಲ್‌ಪಿಯ ಬೆಲೆ ಇಪಿಗಿಂತ ಸುಮಾರು ಮೂರು ಪಟ್ಟು. 'ಟ್ವಿಸ್ಟ್ ಅಂಡ್ ಶೌಟ್' ಹಾಡು ಬ್ರಿಟನ್‌ನಲ್ಲಿ ಆಗ ಸಿಂಗಲ್ ಆಗಿ ಬಂದಿರಲೇ ಇಲ್ಲ. ಫೆಬ್ರವರಿ 11ರಂದು ಒಂದೇ ದಿನ ಹತ್ತು ಹಾಡು ರೆಕಾರ್ಡ್ ಮಾಡಿ, ನೆಗಡಿಯಿಂದ ಗಂಟಲು ಕೆಟ್ಟಿದ್ದ ಜಾನ್ ಲೆನನ್ ಕೊನೆಗೆ ಕಿರುಚಿ ಹಾಡಿದ ಹಾಡದು. ಆ ಹಾಡು ಬೇಕು, ಎಲ್‌ಪಿಗೆ ಕಾಸಿಲ್ಲ. ಶಾಲೆಗೆ ಹೋಗುವ ಹುಡುಗ ಹುಡುಗಿಯರಿಗೆ ಉಳಿದ ದಾರಿ ಇಪಿ. ನಮ್ಮ ಕಿರಾಣಿ ಅಂಗಡಿಯಲ್ಲಿ ತೂಗುವ ಶಾಂಪೂ ಸ್ಯಾಶೆ ಇದ್ದಂಗೆ.

"ಒಂದೇ ಮಾಲನ್ನು ಎರಡು ಸಲ ಮಾರಿದ್ರಲ್ಲ, ಇದು ಮೋಸ ಅಲ್ವಾ?" ಅಂತ ನೀವು ಕೇಳಬಹುದು. ಅಲ್ಲ. ಅದೇ ಹಾಡುಗಳಿದ್ದ 'ಪ್ಲೀಸ್ ಪ್ಲೀಸ್ ಮಿ' ಎಲ್‌ಪಿ ಆಗಲೂ ಆಲ್ಬಮ್ ಪಟ್ಟಿಯ ತುದಿಯಲ್ಲೇ ಕೂತಿತ್ತು, ಒಟ್ಟು 30 ವಾರ. ಉಳ್ಳವರು ದೊಡ್ಡದನ್ನು ಕೊಂಡರು, ಇಲ್ಲದವರು ಚಿಕ್ಕದನ್ನು. ನಮ್ಮಲ್ಲೂ ಹೀಗೇ ಅಲ್ವಾ? ಎಚ್‌ಎಂವಿಯ ಇಪಿಗಳಲ್ಲೇ ಕನ್ನಡ ಸಿನಿಮಾ ಹಾಡುಗಳು ಎಷ್ಟೋ ಮನೆಗಳ ಒಳಗೆ ಬಂದದ್ದು. ಆ ಎಚ್‌ಎಂವಿ ಆಗ ಬೀಟಲ್ಸ್‌ನ ಕಂಪನಿ ಇಎಂಐಯ ಕೈಯಲ್ಲೇ ಇತ್ತು.

ಈಗ 2019ಕ್ಕೆ ಬನ್ನಿ. ದಕ್ಷಿಣ ಕೊರಿಯಾದ ಬಿಟಿಎಸ್ ತಂಡದ 'ಮ್ಯಾಪ್ ಆಫ್ ದಿ ಸೋಲ್: ಪರ್ಸೋನಾ'. ಏಳು ಹಾಡಿನ ಇಪಿ. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಮೊದಲ ಸ್ಥಾನ. ಹಾಡು ಅವೇ ಏಳು, ಆದರೆ ಪೆಟ್ಟಿಗೆ ನಾಲ್ಕು ಬಗೆ. ಒಳಗೊಂದು ಫೋಟೋಕಾರ್ಡ್. ಏಳು ಜನರಲ್ಲಿ ಯಾರ ಫೋಟೋ ಅಂತ ಒಡೆದು ನೋಡುವವರೆಗೆ ಗೊತ್ತಾಗಲ್ಲ. ನಮ್ಮ ಬೆಂಗಳೂರಿನಲ್ಲೂ ಬಿಟಿಎಸ್ ಅಂದ್ರೆ ಪ್ರಾಣ ಬಿಡುವ ಮಕ್ಕಳಿದ್ದಾರೆ. ಹಾಡು ಫೋನಿನಲ್ಲೇ ಕೇಳಿಸುತ್ತೆ. ಆದರೂ ಇಷ್ಟದ ಮುಖ ಸಿಗಲಿಲ್ಲ ಅಂತ ಇನ್ನೊಂದು ಪೆಟ್ಟಿಗೆ ಬೇಕು.

ನಾನು ಸಂಗೀತವನ್ನು ಬೈಯುತ್ತಿಲ್ಲ. ಎರಡೂ ತಂಡ ದುಡಿದೇ ಗೆದ್ದವು. ವ್ಯತ್ಯಾಸ ಇಷ್ಟೇ: 1963ರ ಚಿಕ್ಕ ಪ್ಲೇಟು ಕಾಸಿಲ್ಲದವನನ್ನೂ ಅಂಗಡಿಗೆ ಕರೆಯಿತು. ಇವತ್ತಿನದು ಈಗಾಗಲೇ ಕೊಂಡವನನ್ನೇ ಮತ್ತೆ ಮತ್ತೆ ಕರೆಯುತ್ತೆ. ಮನೆಯಲ್ಲಿ ಮಗಳು ಎರಡನೇ ಪೆಟ್ಟಿಗೆ ಕೇಳಿದರೆ ರೇಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿ: "ಪುಟ್ಟಾ, ಇದರಲ್ಲಿ ಹೊಸ ಹಾಡು ಎಷ್ಟಿದೆ?"