ಪೀಪಾಯಿ ಒಂದು, ಅಳತೆ ಹಲವು

ಒಂದು ಪೀಪಾಯಿಯಲ್ಲಿ ಎಷ್ಟು ಗ್ಯಾಲನ್ ಹಿಡಿಯುತ್ತದೆ? 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ನಾವು ಹೀಗೆ ಕೇಳಿದ್ದರೆ, ‘ಒಳಗಿರುವುದೇನು?’ ಎಂಬ ಮರುಪ್ರಶ್ನೆ ಬರುತ್ತಿತ್ತು. ಹಾಪ್ ಬಳ್ಳಿಯ ಕಹಿ ಹೂವನ್ನು ಬೆರೆಸದ ‘ಏಲ್’ ಆದರೆ 32 ಗ್ಯಾಲನ್. ಬೆರೆಸಿದ ‘ಬೀರ್’ ಆದರೆ 36. ಮುಂದೆ 1643ರಲ್ಲಿ ಈ ಪಾನೀಯಗಳ ಮೇಲೆ ಪೀಪಾಯಿಗೆ ಇಷ್ಟೆಂದು ಸುಂಕ ಬಿದ್ದಾಗ, ಇದು ಬರಿಯ ಹೆಸರಿನ ಗೊಂದಲವಾಗಿ ಉಳಿಯದೆ ಹಣದ ಪ್ರಶ್ನೆಯಾಯಿತು. ಕೊನೆಗೆ 36 ಗ್ಯಾಲನ್ನೇ ನಿಂತಿತು.

ಅದರ ಅರ್ಧ ‘ಕಿಲ್ಡರ್‌ಕಿನ್’, 18 ಗ್ಯಾಲನ್. ಅದರ ಅರ್ಧ ‘ಫರ್ಕಿನ್’, 9. ಮತ್ತೂ ಅರ್ಧ ‘ಪಿನ್’, ನಾಲ್ಕೂವರೆ. ಒಂದೂವರೆ ಪೀಪಾಯಿಗೆ ‘ಹಾಗ್ಸ್‌ಹೆಡ್’ ಎಂದು ಹೆಸರು. ಫರ್ಕಿನ್ ಎಂಬುದು ‘ನಾಲ್ಕನೆಯದು’ ಎಂಬರ್ಥದ ಹಳೆಯ ಡಚ್ ಶಬ್ದದಿಂದ ಬಂದದ್ದು. ನಮ್ಮ ಪಾವು ಸೇರಿನ ಕಾಲುಭಾಗವಾದಂತೆಯೇ ಇದೂ ಪೀಪಾಯಿಯ ಕಾಲುಭಾಗ. ಬ್ರಿಟನ್ನಿನಲ್ಲಿ ಫರ್ಕಿನ್ ಇಂದಿಗೂ ಬಳಕೆಯಲ್ಲಿದೆ; ಸುಮಾರು 41 ಲೀಟರು.

ಇನ್ನು ಗ್ಯಾಲನ್ ಆದರೂ ಒಂದೇ ಆಗಿತ್ತೆ? ಅದೂ ಇಲ್ಲ! ಏಲ್ ಗ್ಯಾಲನ್ 282 ಘನ ಅಂಗುಲ, ದ್ರಾಕ್ಷಾಮದ್ಯದ ಗ್ಯಾಲನ್ 231. 1824ರ ಶಾಸನವು ಇವೆರಡನ್ನೂ ತೆಗೆದುಹಾಕಿ, 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ 10 ಪೌಂಡು ಬಟ್ಟಿಯಿಳಿಸಿದ ನೀರು ತುಂಬುವ ಗಾತ್ರವೇ ಗ್ಯಾಲನ್ ಎಂದು ವಿಧಿಸಿತು. ಪಾತ್ರೆಯನ್ನು ನಂಬುವುದಕ್ಕಿಂತ ತಕ್ಕಡಿಯನ್ನು ನಂಬುವುದು ಲೇಸೆಂಬ ಈ ಆಲೋಚನೆ ನಮಗೆ ಬಹಳ ಮೆಚ್ಚಿಗೆಯಾದುದು.

ಆದರೆ ಅಷ್ಟರಲ್ಲಿ ಅಮೆರಿಕ ಸ್ವತಂತ್ರವಾಗಿತ್ತು. ಅಲ್ಲಿಯವರು ಹಳೆಯ 231 ಘನ ಅಂಗುಲಗಳ ಗ್ಯಾಲನ್ನನ್ನೇ ಉಳಿಸಿಕೊಂಡರು. ಆದುದರಿಂದಲೇ ಬ್ರಿಟಿಷ್ ಗ್ಯಾಲನ್ 4.546 ಲೀಟರಾದರೆ ಅಮೆರಿಕದ್ದು 3.785 ಮಾತ್ರ. ಅಮೆರಿಕದ ಪುಸ್ತಕದಲ್ಲಿ ಗ್ಯಾಲನ್ ಲೆಕ್ಕ ಕಂಡಾಗ ವಿದ್ಯಾರ್ಥಿಗಳು ಈ ಮಾತನ್ನು ನೆನೆದುಕೊಳ್ಳಬೇಕು; ಮರೆತರೆ ಉತ್ತರದಲ್ಲಿ ಐದರಲ್ಲೊಂದು ಪಾಲು ಹೆಚ್ಚಾದೀತು.