ಐಷಾರಾಮಿ ದುರ್ಗಮಪಥ ವಾಹನಗಳ ದೋಷಪತ್ತೆ ಸಾಧನ: ಆಯ್ಕೆ ಮತ್ತು ಲೆಕ್ಕಾಚಾರ

ಲ್ಯಾಂಡ್ ರೋವರ್ ಸಂಸ್ಥೆಯ ಡಿಸ್ಕವರಿ, ರೇಂಜ್ ರೋವರ್ ಮೊದಲಾದ ವಾಹನಗಳು ಒಂದು ಕಾಲಕ್ಕೆ ನಮ್ಮಲ್ಲಿ ಅಪರೂಪದ ಆಮದು ವಸ್ತುಗಳಾಗಿದ್ದವು. 2008ರಲ್ಲಿ ಟಾಟಾ ಮೋಟಾರ್ಸ್ ಈ ಸಂಸ್ಥೆಯನ್ನು ಫೋರ್ಡ್‌ನಿಂದ ಖರೀದಿಸಿತು. 2011ರಲ್ಲಿ ಪುಣೆಯಲ್ಲಿ ಫ್ರೀಲ್ಯಾಂಡರ್ 2ರ ಜೋಡಣೆ ಆರಂಭವಾಯಿತು. 2024ರಲ್ಲಿ ರೇಂಜ್ ರೋವರ್ ವಾಹನವನ್ನೂ ಅಲ್ಲಿಯೇ ಜೋಡಿಸುವ ನಿರ್ಧಾರ ಪ್ರಕಟವಾಯಿತು. ಹೊಸ ವಾಹನಗಳು ಹೆಚ್ಚಿದಂತೆ ಎರಡನೆಯ, ಮೂರನೆಯ ಮಾಲೀಕರ ಕೈಸೇರಿದ ಹಳೆಯ ವಾಹನಗಳೂ ಹೆಚ್ಚುತ್ತವೆ. ಖಾತರಿ ಅವಧಿ ಮುಗಿದ ಇಂತಹ ವಾಹನಗಳು ಸಹಜವಾಗಿಯೇ ಸ್ವತಂತ್ರ ಗ್ಯಾರೇಜುಗಳ ಬಾಗಿಲಿಗೆ ಬರುತ್ತವೆ.

ಆಗ ಗ್ಯಾರೇಜಿನ ಮಾಲೀಕನ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಸ್ಕ್ಯಾನರಿನದು. ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷಗಳ ಮೌಲ್ಯದವರೆಗೆ ಸಾಧನಗಳು ಮಾರುಕಟ್ಟೆಯಲ್ಲಿವೆ. ತಪ್ಪು ಆಯ್ಕೆ ಮಾಡಿದಲ್ಲಿ ಸಣ್ಣ ಉದ್ಯಮದ ದುಡಿಯುವ ಬಂಡವಾಳವೇ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಸಾಧನವೇ ಇಲ್ಲದಿದ್ದಲ್ಲಿ ಊಹೆಯ ಮೇಲೆ ಬಿಡಿಭಾಗ ಬದಲಿಸಿ ಗ್ರಾಹಕನ ವಿಶ್ವಾಸ ಕಳೆದುಕೊಳ್ಳಬೇಕಾಗುತ್ತದೆ. ಆದುದರಿಂದ ಈ ವಿಷಯವನ್ನು ತಾಂತ್ರಿಕ ಮತ್ತು ಆರ್ಥಿಕ ದೃಷ್ಟಿಗಳೆರಡರಿಂದಲೂ ಪರಿಶೀಲಿಸುವುದು ಉಚಿತ.

ಓಬಿಡಿ ಎಂದರೇನು?

ವಾಹನದ ಎಂಜಿನ್, ಗೇರ್, ಬ್ರೇಕ್ ಮುಂತಾದವುಗಳನ್ನು ನಿಯಂತ್ರಿಸುವ ಚಿಕ್ಕ ಗಣಕಗಳು ತಾವು ಕಂಡ ದೋಷಗಳನ್ನು ಸಂಕೇತಗಳ ರೂಪದಲ್ಲಿ ದಾಖಲಿಸಿಟ್ಟುಕೊಳ್ಳುತ್ತವೆ. ಹೊಗೆ ಮಾಲಿನ್ಯ ನಿಯಂತ್ರಣದ ಉದ್ದೇಶದಿಂದ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಓಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದೇ ಬಗೆಯ ನಿಯಮ ಬಂದಿತು. ಭಾರತದಲ್ಲಿ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಜಾರಿಗೊಂಡವು. ಸ್ಟಿಯರಿಂಗ್ ಕೆಳಭಾಗದಲ್ಲಿ ಕಾಣುವ 16 ಪಿನ್ನುಗಳ ಕನೆಕ್ಟರ್ ಈ ವ್ಯವಸ್ಥೆಯ ದ್ವಾರ.

ಸಂಕೇತದ ಮೊದಲ ಅಕ್ಷರ ದೋಷದ ವಿಭಾಗವನ್ನು ಸೂಚಿಸುತ್ತದೆ. ‘ಪಿ’ ಎಂದರೆ ಎಂಜಿನ್ ಮತ್ತು ಗೇರ್, ‘ಸಿ’ ಎಂದರೆ ಚಾಸಿ, ‘ಬಿ’ ಎಂದರೆ ಬಾಡಿ, ‘ಯು’ ಎಂದರೆ ಗಣಕಗಳ ನಡುವಿನ ಸಂಪರ್ಕ. ಕಾನೂನು ಏಕರೂಪಗೊಳಿಸಿರುವುದು ಮುಖ್ಯವಾಗಿ ಹೊಗೆಗೆ ಸಂಬಂಧಿಸಿದ ಎಂಜಿನ್ ಭಾಗವನ್ನು ಮಾತ್ರ. ಉಳಿದ ಭಾಗಗಳ ಭಾಷೆ ತಯಾರಕನ ಸ್ವಂತದ್ದು. ಅಗ್ಗದ ಸ್ಕ್ಯಾನರ್ ಮತ್ತು ದುಬಾರಿ ಸ್ಕ್ಯಾನರ್ ನಡುವಣ ಅಂತರದ ಮೂಲ ಇಲ್ಲಿದೆ.

ಈ ವಾಹನಗಳ ವಿಶೇಷ

2004ರಲ್ಲಿ ಬಂದ ಡಿಸ್ಕವರಿ 3ರಲ್ಲಿ ಏರ್ ಸಸ್ಪೆನ್ಷನ್, ವಿದ್ಯುತ್ ಚಾಲಿತ ಪಾರ್ಕಿಂಗ್ ಬ್ರೇಕ್ ಹಾಗೂ ನೆಲದ ಸ್ವರೂಪಕ್ಕೆ ತಕ್ಕಂತೆ ವಾಹನದ ವರ್ತನೆಯನ್ನು ಬದಲಿಸುವ ‘ಟೆರೇನ್ ರೆಸ್ಪಾನ್ಸ್’ ವ್ಯವಸ್ಥೆ ಅಳವಟ್ಟವು. ಎತ್ತರ ಅಳೆಯುವ ಸೆನ್ಸರ್ ಬದಲಿಸಿದರೆ ಎತ್ತರವನ್ನು ಮರುಹೊಂದಿಸಬೇಕು. ಡೀಸೆಲ್ ಇಂಜೆಕ್ಟರ್ ಬದಲಿಸಿದರೆ ಅದರ ಸಂಕೇತವನ್ನು ಎಂಜಿನ್ ಗಣಕಕ್ಕೆ ತಿಳಿಸಬೇಕು. ಇವೆಲ್ಲವೂ ಪಾನಾ ಹಿಡಿದು ಮಾಡುವ ಕೆಲಸಗಳಲ್ಲ. ಸಂಕೇತವನ್ನು ಓದುವುದಷ್ಟೇ ಅಲ್ಲದೆ ಗಣಕಕ್ಕೆ ಆಜ್ಞೆ ನೀಡಬಲ್ಲ ಸಾಧನ ಇದಕ್ಕೆ ಅಗತ್ಯ.

ನಾಲ್ಕು ವರ್ಗಗಳು

1. ಸಾಮಾನ್ಯ ಸಂಕೇತ ಓದುಗ: ಬೆಲೆ ಅತ್ಯಲ್ಪ. ಎಂಜಿನ್ ದೀಪ ಏಕೆ ಹೊತ್ತಿತು ಎಂಬುದನ್ನು ತಿಳಿಯಲು ವಾಹನದ ಮಾಲೀಕನಿಗೆ ಸಾಕು. ಏರ್ ಸಸ್ಪೆನ್ಷನ್, ಪಾರ್ಕಿಂಗ್ ಬ್ರೇಕುಗಳ ವಿಷಯದಲ್ಲಿ ಸಾಮಾನ್ಯವಾಗಿ ಮೌನ.

2. ಬಹುಬ್ರಾಂಡ್ ಸ್ಕ್ಯಾನರ್: ಆಟೆಲ್, ಲಾಂಚ್ ಮೊದಲಾದ ತಯಾರಕರದ್ದು. ಹಲವು ಬಗೆಯ ವಾಹನಗಳು ಬರುವ ಗ್ಯಾರೇಜಿಗೆ ಸೂಕ್ತ. ಆಳ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕಾಲಕಾಲಕ್ಕೆ ನವೀಕರಣ ಶುಲ್ಕವಿರುತ್ತದೆ.

3. ಬ್ರಾಂಡ್‌ಗೆ ಮೀಸಲಾದ ಸಾಧನ: ಹಳೆಯ ಡಿಸ್ಕವರಿ 2ರಂತಹ ವಾಹನಗಳಿಗೆ ನ್ಯಾನೋಕಾಮ್, ನಂತರದವುಗಳಿಗೆ ಗ್ಯಾಪ್ ಸಂಸ್ಥೆಯ ಐಐಡಿ ಟೂಲ್ ಉದಾಹರಣೆಗಳು. ಕಡಿಮೆ ಬೆಲೆಗೆ ಹೆಚ್ಚಿನ ಆಳ ದೊರೆಯುತ್ತದೆ. ಆದರೆ ಈ ವರ್ಗದ ಕೆಲವು ಸಾಧನಗಳ ಪರವಾನಗಿ ನಿಗದಿತ ವಾಹನಗಳ ಗುರುತಿನ ಸಂಖ್ಯೆಗೆ ಕಟ್ಟುಬಿದ್ದಿರುತ್ತದೆ. ಒಬ್ಬ ಮಾಲೀಕನಿಗೆ ಇದು ತೊಡಕಲ್ಲ. ಗ್ಯಾರೇಜಿಗೆ ದೊಡ್ಡ ತೊಡಕು.

4. ತಯಾರಕನ ತಂತ್ರಾಂಶ: ಹಿಂದಿನ ಮಾದರಿಗಳಿಗೆ ಎಸ್‌ಡಿಡಿ, ಇತ್ತೀಚಿನವುಗಳಿಗೆ ಪಾತ್‌ಫೈಂಡರ್. ಲ್ಯಾಪ್‌ಟಾಪ್, ವಾಹನದೊಂದಿಗೆ ಸಂಪರ್ಕ ಕಲ್ಪಿಸುವ ಅಧಿಕೃತ ಉಪಕರಣ ಹಾಗೂ ಚಂದಾ, ಈ ಮೂರೂ ಬೇಕು. ಗಣಕವನ್ನೇ ಬದಲಿಸಿ ಹೊಸ ತಂತ್ರಾಂಶ ತುಂಬುವ ಕೆಲಸಕ್ಕೆ ಇದೇ ಭದ್ರವಾದ ಮಾರ್ಗ. ಆ ಸಮಯದಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಗಣಕವೇ ನಿರುಪಯುಕ್ತವಾಗಬಹುದು. ಆದ್ದರಿಂದ ಸ್ಥಿರ ವಿದ್ಯುತ್ ಪೂರೈಕೆಯ ಉಪಕರಣವನ್ನೂ ಖರೀದಿ ವೆಚ್ಚದಲ್ಲಿ ಸೇರಿಸಬೇಕು.

ಖರೀದಿಗೆ ಮುನ್ನ ಕಳೆದ ಒಂದು ವರ್ಷದಲ್ಲಿ ಗ್ಯಾರೇಜಿಗೆ ಬಂದ ಈ ವರ್ಗದ ವಾಹನಗಳ ಮಾದರಿ, ವರ್ಷ ಮತ್ತು ಮಾಡಿದ ಕೆಲಸಗಳ ಪಟ್ಟಿಯನ್ನು ಜಾಬ್ ಕಾರ್ಡುಗಳಿಂದ ಸಿದ್ಧಪಡಿಸುವುದು ಅಗತ್ಯ. ಮಾರಾಟಗಾರನು ಆ ಪಟ್ಟಿಯ ಕೆಲಸಗಳನ್ನು ಗ್ಯಾರೇಜಿನಲ್ಲಿಯೇ, ವಾಹನದ ಮೇಲೆಯೇ ಮಾಡಿ ತೋರಿಸಲಿ. ‘ಎಲ್ಲ ಮಾದರಿಗಳಿಗೂ ಒಪ್ಪುತ್ತದೆ’ ಎಂಬ ಬಾಯಿಮಾತು ಬಿಲ್ಲಿನಲ್ಲಿ ಬರುವುದಿಲ್ಲ.

ಲೆಕ್ಕಾಚಾರ

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಜಿಎಸ್‌ಟಿ ಹೊರತಾದ ಬೆಲೆ ರೂ. 1,60,000, ಉಪಯುಕ್ತ ಆಯುಷ್ಯ 4 ವರ್ಷ ಎಂದಿಟ್ಟುಕೊಂಡರೆ ವಾರ್ಷಿಕ ಪಾಲು ರೂ. 40,000. ನವೀಕರಣ ಶುಲ್ಕ ರೂ. 30,000 ಹಾಗೂ ಮೆಕ್ಯಾನಿಕ್ ತರಬೇತಿ ರೂ. 10,000 ಸೇರಿದರೆ ವರ್ಷದ ಒಟ್ಟು ಹೊರೆ ರೂ. 80,000. ಪ್ರತಿ ತಪಾಸಣೆಗೆ ರೂ. 2,200 ಪಡೆದು, ಕೂಲಿ ಇತ್ಯಾದಿ ರೂ. 600 ಕಳೆದರೆ ಉಳಿಯುವುದು ರೂ. 1,600. ಅಂದರೆ ವರ್ಷಕ್ಕೆ 50 ವಾಹನಗಳು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬರುವುದು 20 ವಾಹನಗಳಾದರೆ ವರ್ಷಕ್ಕೆ ರೂ. 48,000 ಕೊರತೆ. ಅಂತಹ ಗ್ಯಾರೇಜು ತಜ್ಞರಿಂದ ಹಣ ತೆತ್ತು ತಪಾಸಣೆ ಮಾಡಿಸುವುದೋ, ಎರಡು ಮೂರು ಗ್ಯಾರೇಜುಗಳು ಸೇರಿ ಲಿಖಿತ ಒಪ್ಪಂದದ ಮೇಲೆ ಸಾಧನ ಹಂಚಿಕೊಳ್ಳುವುದೋ ಲೇಸು. ಹಂಚಿಕೊಳ್ಳುವ ಮುನ್ನ ಪರವಾನಗಿಯ ಷರತ್ತು ಅದಕ್ಕೆ ಅವಕಾಶ ನೀಡುವುದೇ ಎಂಬುದನ್ನು ನೋಡತಕ್ಕದ್ದು.

ಈ ಲೆಕ್ಕದಲ್ಲಿ ಕಾಣದ ಉಳಿತಾಯವೂ ಒಂದಿದೆ. ಏರ್ ಸಸ್ಪೆನ್ಷನ್‌ನ ಗಾಳಿಚೀಲ ಸೋರುತ್ತಿದ್ದರೆ ಕಂಪ್ರೆಸರ್ ಅತಿಯಾಗಿ ದುಡಿದು ಬಿಸಿಯಾಗುತ್ತದೆ. ಸ್ಕ್ಯಾನರ್ ಕಂಪ್ರೆಸರಿನ ದೋಷವನ್ನು ತೋರಿಸುತ್ತದೆ. ಅಷ್ಟನ್ನೇ ನಂಬಿ ಕಂಪ್ರೆಸರ್ ಬದಲಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ಬ್ಯಾಟರಿ ದುರ್ಬಲವಾದಾಗ ಹಲವು ಗಣಕಗಳು ಏಕಕಾಲಕ್ಕೆ ದೋಷ ದಾಖಲಿಸುವುದೂ ಉಂಟು. ಸಂಕೇತವು ರೋಗದ ಲಕ್ಷಣ. ಕಾರಣವನ್ನು ಹುಡುಕಬೇಕಾದವನು ಮೆಕ್ಯಾನಿಕ್. ಆದುದರಿಂದ ತರಬೇತಿಯ ವೆಚ್ಚವನ್ನು ಸಾಧನದ ಬೆಲೆಯಿಂದ ಬೇರ್ಪಡಿಸಿ ನೋಡುವುದು ಸರಿಯಲ್ಲ.

ತೆರಿಗೆಯ ಅಂಶಗಳು

ಸಾಧನದ ಖರೀದಿ ಬಂಡವಾಳ ವೆಚ್ಚ; ವಾರ್ಷಿಕ ಚಂದಾ ಸಾಮಾನ್ಯವಾಗಿ ಆಯಾ ವರ್ಷದ ವ್ಯವಹಾರ ವೆಚ್ಚ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ. 15, ಗಣಕ ಮತ್ತು ಅದರ ತಂತ್ರಾಂಶಕ್ಕೆ ಶೇ. 40 ಸವಕಳಿ ಇದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ದರ ಮಾತ್ರ. ಆಸ್ತಿಯ ಖರೀದಿಗಾಗಿ ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿಸಿದರೆ ಆ ಮೊತ್ತಕ್ಕೆ ಸವಕಳಿ ದೊರೆಯುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ನಗದು ಕೊಟ್ಟು ಸಾಧನ ತರುವವರು ಇದನ್ನು ಮರೆಯಬಾರದು.

ಜಿಎಸ್‌ಟಿ ನೋಂದಾಯಿತ ಗ್ಯಾರೇಜಿಗೆ ಹೂಡುವಳಿ ತೆರಿಗೆ ಜಮೆ ಲಭ್ಯ; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಲ್ಲ. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದರೆ ಆ ಜಮೆ ತಪ್ಪಿಹೋಗುತ್ತದೆ. ವಿದೇಶಿ ಸಂಸ್ಥೆಗೆ ನೇರವಾಗಿ ಚಂದಾ ಪಾವತಿಸಿದಲ್ಲಿ ನೋಂದಾಯಿತ ವರ್ತಕನೇ ರಿವರ್ಸ್ ಚಾರ್ಜ್ ಅನ್ವಯ ತೆರಿಗೆ ಕಟ್ಟಿ, ಅರ್ಹನಾದರೆ ಜಮೆ ಪಡೆಯಬೇಕು.

ನಕಲಿಯ ಅಪಾಯ

ತಯಾರಕನ ತಂತ್ರಾಂಶದ ನಕಲಿ ಪ್ರತಿಗಳು ಅಗ್ಗವಾಗಿ ದೊರೆಯುತ್ತವೆ. ಬಿಲ್ಲಿಲ್ಲ, ಆದ್ದರಿಂದ ಜಮೆಯಿಲ್ಲ, ಸವಕಳಿಗೆ ಆಧಾರವೂ ಇಲ್ಲ. ನಡುವೆ ಕೈಕೊಟ್ಟು ಗ್ರಾಹಕನ ವಾಹನದ ಗಣಕ ಕೆಟ್ಟರೆ ಹೊಣೆ ಗ್ಯಾರೇಜಿನದೇ. ತಿಳಿದೂ ನಕಲಿ ತಂತ್ರಾಂಶ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧ.

ಸ್ವತಂತ್ರ ಗ್ಯಾರೇಜುಗಳ ಹಕ್ಕಿನ ಪ್ರಶ್ನೆಯೂ ಇಲ್ಲಿ ಗಮನಾರ್ಹ. ಬಿಡಿಭಾಗ ಮತ್ತು ದೋಷಪತ್ತೆ ಸಾಧನಗಳನ್ನು ಹೊರಗಿನ ದುರಸ್ತಿಗಾರರಿಗೆ ದೊರಕದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತು. ಅದರ ವಿರುದ್ಧ ಮೇಲ್ಮನವಿಗಳೂ ಸಲ್ಲಿಕೆಯಾದವು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ದುರಸ್ತಿಯ ಹಕ್ಕು’ ಜಾಲತಾಣದಲ್ಲಿ ವಾಹನ ಕ್ಷೇತ್ರವೂ ಸೇರಿದೆ. ಅಧಿಕೃತ ಮಾರ್ಗದಲ್ಲಿ ಸಾಧನ ಮತ್ತು ಮಾಹಿತಿಯನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಕಡತದಲ್ಲಿ ಇಡುವುದು ಗ್ಯಾರೇಜು ಮಾಲೀಕರಿಗೆ ಹಿತಕರ.

ಒಟ್ಟಿನಲ್ಲಿ, ಸ್ವಂತ ವಾಹನವೊಂದನ್ನು ಹೊಂದಿರುವ ವರ್ತಕನಿಗೆ ಮೂರನೆಯ ವರ್ಗ, ಮಿಶ್ರ ವಾಹನಗಳ ಗ್ಯಾರೇಜಿಗೆ ಎರಡನೆಯ ವರ್ಗ, ಈ ಬ್ರಾಂಡನ್ನೇ ನೆಚ್ಚಿಕೊಂಡ ಗ್ಯಾರೇಜಿಗೆ ಎರಡನೆಯದರೊಂದಿಗೆ ನಾಲ್ಕನೆಯದು ಎಂಬುದು ಸ್ಥೂಲ ನಿಯಮ. ಅಂತಿಮ ನಿರ್ಧಾರ ಮಾತ್ರ ಜಾಬ್ ಕಾರ್ಡುಗಳ ಲೆಕ್ಕವನ್ನು ಅವಲಂಬಿಸಿರಲಿ.